ಹಾಲಮ್ಮನ ಇಪ್ಪತ್ತನಾಲ್ಕು ಹಲ್ಲು

ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಅಲುಗಾಡದ ಹಲ್ಲು ಕೂರಿಸುವುದು ದಾವಣಗೆರೆಯಲ್ಲಿ ಆ ಹೊತ್ತಿಗೆ ಹೊಸ ಸಂಗತಿಯಾಗಿರಲಿಲ್ಲ. ಚಾಲಕರಿಲ್ಲದ ಆಟೋಗಳು ಓಡಾಡಲು ಶುರುವಾಗಿ ಎರಡು ವರ್ಷವಾಗಿತ್ತು. ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಹೊಟ್ಟಿನ ಹೊಗೆ ಹೋಗಿ ಕರೆಂಟಿನ ಒಲೆಗಳು ಬಂದು ಐದು ವರ್ಷವಾಗಿತ್ತು. ಅಂಥ ಊರಿನಲ್ಲಿ ದವಡೆಗೆ ತಿರುಪು ಮೊಳೆ ಕೂರಿಸಿ, ಅದರ ಮೇಲೆ ಹಲ್ಲಿನ ಸಾಲು ಬಿಗಿದು ಕಳಿಸುವುದು ಯಾವ ದೊಡ್ಡ ಮಾತು? ಆದರೆ ಹಲ್ಲಿನ ಜೊತೆಗೆ ಹಲ್ಲಿನ ಅರಿವನ್ನೂ ಕೂರಿಸಬಹುದೆ ಎಂದು ಕೇಳಿದವರು ದಂತ ಆಸ್ಪತ್ರೆಯ ಡಾಕ್ಟರ್ ಇಂಚರಾ. ಆ ಪ್ರಶ್ನೆಗೆ ಮೊದಲು ಬಾಯಿ ತೆರೆದವಳು ಹಾಲಮ್ಮ.

ಹಾಲಮ್ಮನಿಗೆ ಆಗ ಅರವತ್ತೆರಡು. ಮೂವತ್ತೈದು ವರ್ಷ ಅವಳು ದಾದಾಪೀರನ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಕಚ್ಚಿ ನೋಡುವ ಕೆಲಸ ಮಾಡಿದ್ದಳು. ಹೊರಗಿನವರಿಗೆ ಇದು ಕೆಲಸವೆಂದೇ ಅನಿಸುವುದಿಲ್ಲ. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಅರಳಬೇಕಾದರೆ ಅದರೊಳಗೆ ಹದವಾದ ತೇವ ಇರಬೇಕು. ತೇವ ಹೆಚ್ಚಾದರೆ ಕಾಳು ಅರಳದೆ ಕಲ್ಲಾಗುತ್ತದೆ, ಕಮ್ಮಿಯಾದರೆ ಅರಳುವ ಮೊದಲೇ ಸೀಯುತ್ತದೆ. ತೇವ ಅಳೆಯುವ ಯಂತ್ರ ಇಲ್ಲವೆಂದಲ್ಲ. ಯಂತ್ರ ಒಂದು ಹಿಡಿ ಅಕ್ಕಿಯ ಲೆಕ್ಕ ಹೇಳುತ್ತದೆ. ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದ ಅಕ್ಕಿಗೂ, ಒಳಗೂ ಹೊರಗೂ ಸಮನಾಗಿ ಒಣಗಿದ ಅಕ್ಕಿಗೂ ಅದು ಒಂದೇ ಅಂಕಿ ತೋರಿಸುತ್ತದೆ. ಹಾಲಮ್ಮ ಮುಂದಿನ ಹಲ್ಲಲ್ಲಿ ಒಂದು ಕಾಳು ಇಟ್ಟು ಮೆಲ್ಲಗೆ ಅದುಮಿದರೆ ಮೇಲಿನ ಪದರ ಎಲ್ಲಿ ಮುಗಿಯಿತು, ಒಳಗಿನ ತಿರುಳು ಎಲ್ಲಿ ಶುರುವಾಯಿತು ಎಂದು ಹೇಳುತ್ತಿದ್ದಳು. ಅವಳು "ಹಾಕ್ರಿ" ಅಂದ ಮೇಲೆಯೇ ಅಕ್ಕಿ ಮರಳಿಗೆ ಬೀಳುತ್ತಿತ್ತು.

ವಸಡಿನ ರೋಗ ಬಂದು ಮೂರು ವರ್ಷದಲ್ಲಿ ಒಂದೊಂದೇ ಹಲ್ಲು ಹೋದವು. ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಮಾಡಿಸಿಕೊಂಡಳು. ಅದು ಮಾತಾಡಿದರೆ ಟಕಟಕ ಅನ್ನುತ್ತಿತ್ತು, ಸೀನಿದರೆ ಕೈಗೆ ಬರುತ್ತಿತ್ತು. ಅದರಲ್ಲಿ ಅಕ್ಕಿ ಕಚ್ಚುವುದೂ ಒಂದೇ, ಚಪ್ಪಲಿ ಹಾಕಿಕೊಂಡು ನೆಲದ ತಂಪು ನೋಡುವುದೂ ಒಂದೇ.

ದಾದಾಪೀರ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಅವನು ಚಡ್ಡಿ ಹಾಕಿಕೊಂಡು ಓಡಾಡುವಾಗಿಂದ ಅವಳು ಅವನ ಅಪ್ಪನ ಹತ್ತಿರ ಕೆಲಸಕ್ಕಿದ್ದವಳು. ಅವಳಿಗೆ ಜರಡಿಯ ಹತ್ತಿರ ಒಂದು ಮಣೆ ಹಾಕಿಸಿದ. ಯಂತ್ರದ ಅಂಕಿ ನೋಡಿ ತಾನೇ ಅಕ್ಕಿ ಹಾಕಿಸುತ್ತಿದ್ದ. ವಾರಕ್ಕೊಂದು ಸಲ ಒಂದಷ್ಟು ಕೆಡುತ್ತಿತ್ತು. ಕೆಟ್ಟದ್ದನ್ನು ಅವಳ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬಾಗಿಲಿಂದ ಸಾಗಿಸುತ್ತಿದ್ದ. ಹಾಲಮ್ಮನಿಗೆ ಅದು ಗೊತ್ತಿತ್ತು. ತನಗೆ ಗೊತ್ತಿರುವುದು ಅವನಿಗೆ ಗೊತ್ತಾಗದ ಹಾಗೆ ಅವಳು ಜರಡಿ ಆಡಿಸುತ್ತಿದ್ದಳು. ಎರಡು ವರ್ಷ ಹೀಗೆ ಹೋಯಿತು. ಇನ್ನೊಂದು ಸಲ ಆ ಮಣೆಯಿಂದೆದ್ದು ಒಲೆಯ ಹತ್ತಿರ ಹೋಗಿ "ಹಾಕ್ರಿ" ಅನ್ನಬೇಕು ಎಂಬುದೊಂದೇ ಅವಳ ಆಸೆಯಾಗಿ ಉಳಿದಿತ್ತು.

ಅಷ್ಟರಲ್ಲಿ ಅವಳಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದ ದಂತ ಆಸ್ಪತ್ರೆಯಿಂದ ಒಂದು ಕರೆ ಬಂತು.

*

ಡಾಕ್ಟರ್ ಇಂಚರಾಳ ಪ್ರಯೋಗಶಾಲೆ ಮೂರನೆಯ ಮಹಡಿಯಲ್ಲಿತ್ತು. ಮೂವತ್ತು ದಾಟಿದ ಹುಡುಗಿ. ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ದವಡೆ ಇಟ್ಟುಕೊಂಡಿರುತ್ತಿದ್ದಳು. ಮೊದಲ ದಿನ ಅದನ್ನು ತೆಗೆದು ಹಾಲಮ್ಮನ ಕೈಗೆ ಕೊಟ್ಟಳು.

"ನಮ್ಮ ಸ್ವಂತ ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿರಲ್ಲ ಅಮ್ಮ. ನಡುವೆ ನೂಲಿನಂಥ ಒಂದು ಪದರ ಇರುತ್ತೆ. ಜೋಲಿ ಇದ್ದ ಹಾಗೆ. ಹಲ್ಲು ಆ ಜೋಲಿಯಲ್ಲಿ ಕೂತಿರುತ್ತೆ. ಒಂದು ಕೂದಲು ಕಚ್ಚಿದ್ರೂ ಜೋಲಿ ಅಲ್ಲಾಡಿ ನರಕ್ಕೆ ಸುದ್ದಿ ಹೋಗುತ್ತೆ."

"ನಾನು ಅಕ್ಕಿ ನೋಡ್ತಿದ್ದದ್ದು ಅದರಾಗೇನವ್ವ?"

"ಅದರಲ್ಲೇ. ಈಗ ನಾವು ಹಾಕೋ ಮೊಳೆ ಟೈಟಾನಿಯಂದು. ಎಲುಬು ಅದನ್ನ ತಬ್ಬಿಕೊಂಡುಬಿಡುತ್ತೆ. ಗಟ್ಟಿ ಏನೋ ಗಟ್ಟಿ, ಆದರೆ ಜೋಲಿ ಇಲ್ಲ. ಅಗೀಬಹುದು, ಗೊತ್ತಾಗಲ್ಲ. ಅದಕ್ಕೆ ಮೊಳೆಯ ಸುತ್ತ ಒಂದು ತೆಳು ಪೊರೆ ಹಾಕಿದ್ದೀವಿ. ಅದುಮಿದಷ್ಟು ಅದರಲ್ಲಿ ಒಂಚೂರು ವಿದ್ಯುತ್ತು ಹುಟ್ಟುತ್ತೆ. ಅದನ್ನ ಒಂದು ಚಿಕ್ಕ ಚಿಪ್ಪು ನರಕ್ಕೆ ತಲುಪಿಸುತ್ತೆ."

ಚಿಪ್ಪು ಅಂದರೆ ಸಾಸಿವೆಯಷ್ಟು ಪುಟ್ಟ ಕಂಪ್ಯೂಟರು, ವಸಡಿನ ಒಳಗೆ ಕೂರುವಂಥದ್ದು. ಅದಕ್ಕೆ ಮೊದಲಿಗೆ ಏನೂ ಗೊತ್ತಿರುವುದಿಲ್ಲ. ಎಷ್ಟು ಅದುಮಿದರೆ ನರಕ್ಕೆ ಎಷ್ಟು ಹೇಳಬೇಕೆಂದು ಅದಕ್ಕೆ ಕಲಿಸಬೇಕು. ಕಲಿಸಬೇಕಾದವರು ಹಲ್ಲಿನ ಒಡೆಯರೇ. ಮೆತ್ತಗಿನದರಿಂದ ಗಟ್ಟಿಯವರೆಗೆ ಒಂಬತ್ತು ತರದ ರಬ್ಬರ್ ತುಂಡುಗಳನ್ನು ಕಚ್ಚಬೇಕು, ಎಷ್ಟು ಗಟ್ಟಿ ಅನಿಸಿತೆಂದು ಒಂದರಿಂದ ಒಂಬತ್ತರೊಳಗೆ ಹೇಳಬೇಕು. ತಪ್ಪಾದರೆ ಚಿಪ್ಪು ತನ್ನನ್ನು ತಿದ್ದಿಕೊಳ್ಳುತ್ತದೆ, ಸರಿಯಾದರೆ ಅಲ್ಲಿಗೆ ನಿಲ್ಲುತ್ತದೆ.

"ಇದು ಇನ್ನೂ ಪರೀಕ್ಷೆ ಅಮ್ಮ. ಒಂಬತ್ತು ಜನಕ್ಕೆ ಮಾಡ್ತಿದ್ದೀವಿ. ಆಗದೇನೂ ಇರಬಹುದು," ಅಂದಳು ಇಂಚರಾ.

"ಆಗ್ತತಿ ಬಿಡವ್ವ," ಎಂದು ಹಾಲಮ್ಮನೇ ಅವಳಿಗೆ ಧೈರ್ಯ ಹೇಳಿದಳು.

ಮೇಲಿನ ದವಡೆಗೆ ಆರು, ಕೆಳಗಿನದಕ್ಕೆ ಆರು ಮೊಳೆ ಕೂರಿಸಿದರು. ಮರಗಟ್ಟಿಸಿದ್ದರಿಂದ ನೋವಾಗಲಿಲ್ಲ, ಎಲುಬು ಕೊರೆಯುವ ಸದ್ದು ಮಾತ್ರ ತಲೆಯ ತುಂಬ ತುಂಬಿಕೊಂಡಿತು. ಆ ಮೂರು ಗಂಟೆಯೂ ಮಂಗಳಗೌರಿ ಎಂಬ ನರ್ಸು ಹೊದಿಕೆಯ ಮೇಲಿಂದಲೇ ಹಾಲಮ್ಮನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ನಿಂತಿದ್ದಳು. ಹಿಡಿದುಕೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲುಬು ಮೊಳೆಗಳನ್ನು ಹಿಡಿದುಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಹಗುರವಾದ ತಾತ್ಕಾಲಿಕ ಹಲ್ಲು. ಆಮೇಲೆ ಒಂದು ಸೋಮವಾರ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು ಹಲ್ಲಿನ ಸಾಲುಗಳನ್ನು ಮೊಳೆಗಳಿಗೆ ತಿರುಪಿನಿಂದ ಬಿಗಿದು, ತಿರುಪಿನ ತೂತು ಮುಚ್ಚಿ, ಕೈಗೆ ಕನ್ನಡಿ ಕೊಟ್ಟರು.

ಹಾಲಮ್ಮ ಕನ್ನಡಿಯಲ್ಲಿ ನೋಡಿಕೊಳ್ಳುವ ಮೊದಲು ನಾಲಿಗೆಯಿಂದ ಎಣಿಸಿದಳು. ಇಪ್ಪತ್ತನಾಲ್ಕು.

*

ಮನೆಯಲ್ಲಿ ಅವಳ ಜೊತೆ ಇದ್ದವಳು ನಾದಿನಿ ಚೌಡಮ್ಮ. ಗಂಡ ತೀರಿಕೊಂಡ ಮೇಲೆ ಹಾಲಮ್ಮನ ಹತ್ತಿರ ಬಂದು ಇಪ್ಪತ್ತು ವರ್ಷವಾಗಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಬಾಯಿ ಬಲು ಜೋರು. ಅಳತೆ ಕೊಡಲು ಬಂದವರಿಗೆ "ಹೋದ ಸರ್ತಿಗಿಂತ ಎರಡು ಇಂಚು ದಪ್ಪಗಾಗೀಯ" ಎಂದು ಮುಖಕ್ಕೇ ಹೇಳುವಂಥವಳು.

ಆ ದಿನ ಚೌಡಮ್ಮ ಹಿಂದಿನ ದಿನದ ಜೋಳದ ರೊಟ್ಟಿಯನ್ನು ಬಿಸಿಲಿಗಿಟ್ಟು ಕಟಿಯಾಗಿಸಿ ತಟ್ಟೆಗೆ ಹಾಕಿದ್ದಳು. ಪಕ್ಕದಲ್ಲಿ ಶೇಂಗಾ ಚಟ್ನಿ.

"ಕಡಿ ನೋಡಾಣ ಅತ್ತಿಗೆ. ಹಲ್ಲು ಉಳೀತಾವೋ ರೊಟ್ಟಿ ಉಳೀತೈತೋ ನೋಡಾಣ."

ಹಾಲಮ್ಮ ಕಡಿದಳು. ರೊಟ್ಟಿ ಎರಡು ತುಂಡಾಯಿತು. ಐದು ವರ್ಷದಿಂದ ಮಂಡಕ್ಕಿಯನ್ನೂ ಮೊಸರಲ್ಲಿ ನೆನೆಸಿ ತಿಂದವಳು ಅವತ್ತು ಮೂರು ಕಟಿ ರೊಟ್ಟಿ ಮುಗಿಸಿದಳು. ಚೌಡಮ್ಮ ಎದುರಿಗೆ ಕೂತು ಗದ್ದಕ್ಕೆ ಕೈಕೊಟ್ಟು ನೋಡಿದಳು.

"ಕುದುರೆ ಮೇದಂಗೆ ಮೇಯ್ತೀಯಲ್ಲ. ನಾಳೆಯಿಂದ ಇನ್ನೊಂದು ಸೇರು ಜೋಳ ತರ್ಬೇಕು. ಅದಿರ್ಲಿ, ಗೊತ್ತಾಗ್ತತೇನು? ಅವರೇನೋ ಅರಿವು ಬರ್ತತಿ ಅಂದಿದ್ರಲ್ಲ."

"ಬರ್ತತಿ, ಬರ್ತತಿ. ಮೆಲ್ಲಗೆ ಬರ್ತತಿ," ಅಂದಳು ಹಾಲಮ್ಮ.

ರೊಟ್ಟಿ ಮುರಿದದ್ದು ಅವಳಿಗೆ ಕಿವಿಯಿಂದ ಗೊತ್ತಾಗಿತ್ತು. ಹಲ್ಲಿನಿಂದ ಬಂದದ್ದು ಒಂದು ಮಂಕು ಒತ್ತಡ ಮಾತ್ರ. ದಪ್ಪ ಕೌದಿಯ ಮೇಲಿಂದ ಯಾರೋ ಕೈಯಿಟ್ಟ ಹಾಗೆ. ರೊಟ್ಟಿಗೂ ಅಷ್ಟೇ, ಆಮೇಲೆ ತಿಂದ ಬಾಳೆಹಣ್ಣಿಗೂ ಅಷ್ಟೇ.

*

ಕಲಿಕೆ ಶುರುವಾದದ್ದು ಅದರ ಮುಂದಿನ ವಾರ. ಪ್ರಯೋಗದ ನಿಯಮದ ಪ್ರಕಾರ ತುಂಡು ಕೊಡುವವರು ಮತ್ತು ಕಚ್ಚುವವರ ನಡುವೆ ಒಂದು ಹಸಿರು ಪರದೆ ಇರಬೇಕು. ಮೊದಲ ದಿನ ಹಾಲಮ್ಮ ಬಂದು ಕುರ್ಚಿಯಲ್ಲಿ ಕೂತು, ಆ ಪರದೆ ನೋಡಿ, ಸೆರಗು ಎಳೆದುಕೊಂಡು ಮುದುಡಿದಳು. ಇಂಚರಾಳಿಗೆ ಅದು ಕಾಣಿಸಿತು. ವಯಸ್ಸಾದ ಹೆಂಗಸು, ಪರದೆಯ ಈಚೆ ಒಬ್ಬಳೇ ಕೂತರೆ ಭಯವಾಗುತ್ತದೆ ಎಂದುಕೊಂಡಳು. ಪರದೆ ಸರಿಸಿ, ಕುರ್ಚಿ ಎಳೆದುಕೊಂಡು ಬಂದು ಎದುರಿಗೇ ಕೂತಳು.

"ಕಚ್ಚಿ ಅಮ್ಮ. ಎಷ್ಟು ಗಟ್ಟಿ?"

ಹಾಲಮ್ಮ ಕಚ್ಚಿದಳು. ಕೌದಿಯ ಮೇಲಿನ ಕೈ. ಏನು ಹೇಳುವುದು? ಇಂಚರಾ ಮುಂದಕ್ಕೆ ಬಾಗಿ ಕೂತಿದ್ದಳು. ಆ ಹುಡುಗಿ ಮಧ್ಯಾಹ್ನದ ಊಟ ಮಾಡಿರಲಿಲ್ಲ, ಡಬ್ಬಿ ಕಿಟಕಿಯ ಮೇಲೆ ಹಾಗೇ ಇತ್ತು. ಆದರೆ ಹಾಲಮ್ಮನಿಗೆಂದು ಮನೆಯಿಂದ ಫ್ಲಾಸ್ಕಿನಲ್ಲಿ ರಾಗಿ ಗಂಜಿ ತಂದಿದ್ದಳು.

"ಆರು?" ಅಂದಳು ಹಾಲಮ್ಮ ಮೆಲ್ಲಗೆ.

ಇಂಚರಾಳ ಹುಬ್ಬು ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು.

"ಅಲ್ಲಲ್ಲ. ಮೂರು."

ಹುಬ್ಬು ಮೇಲೆ ಹೋಯಿತು. "ಹೌದು, ಮೂರು," ಎಂದು ಇಂಚರಾ ಬರೆದುಕೊಂಡಳು.

ಮೂವತ್ತೈದು ವರ್ಷ ಒಂದು ಅಕ್ಕಿಕಾಳಿನ ಒಳಹೊರಗು ನೋಡಿದವಳಿಗೆ ಒಂದು ಮುಖದ ಒಳಹೊರಗು ಓದುವುದು ಕಷ್ಟವಾಗಲಿಲ್ಲ. ಮೋಸ ಮಾಡಬೇಕೆಂದು ಅವಳು ಅಂದುಕೊಳ್ಳಲಿಲ್ಲ. ಇಷ್ಟು ಪಾಡುಪಡುತ್ತಿರುವ ಹುಡುಗಿಗೆ ಏನೂ ಗೊತ್ತಾಗುತ್ತಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಅಷ್ಟೆ. ನಾಳೆ ಗೊತ್ತಾದೀತು, ನಾಡಿದ್ದು ಗೊತ್ತಾದೀತು, ಅಲ್ಲಿಯವರೆಗೆ ಇವಳ ಮನಸ್ಸು ಯಾಕೆ ನೋಯಿಸಬೇಕು ಎಂದುಕೊಂಡಳು. ಅವಳು ಸರಿ ಹೇಳಿದ ಪ್ರತಿ ಸಲವೂ ವಸಡಿನೊಳಗಿನ ಚಿಪ್ಪು ತನ್ನ ಪಾಠ ಮುಗಿಯಿತೆಂದು ನಂಬಿ, ತಿದ್ದಿಕೊಳ್ಳುವುದನ್ನು ನಿಲ್ಲಿಸಿತು.

ಆರು ವಾರ ಕಳೆಯಿತು. ಕೊನೆಯ ದಿನ ಇಂಚರಾ ಕಂಪ್ಯೂಟರಿನಲ್ಲಿ ಮೂಡಿದ ಗೆರೆಗಳನ್ನು ಬೆರಳಿಟ್ಟು ತೋರಿಸಿದಳು. "ನೂರಕ್ಕೆ ತೊಂಬತ್ನಾಲ್ಕು ಅಮ್ಮ. ಒಂಬತ್ತು ಜನರಲ್ಲಿ ನೀವೇ ಮೊದಲು. ಬರೋ ತಿಂಗಳು ಪರಿಶೀಲನಾ ಸಮಿತಿಯವರು ಬರ್ತಾರೆ. ಅವರ ಮುಂದೆ ನಿಮ್ಮನ್ನೇ ಕೂರಿಸ್ತೀನಿ."

ಅಷ್ಟು ದಿನದಲ್ಲಿ ಮೊದಲ ಸಲ ಆ ಹುಡುಗಿ ತನ್ನ ಊಟದ ಡಬ್ಬಿ ತೆಗೆದು, ಹಾಲಮ್ಮನ ಜೊತೆಗೇ ಕೂತು ಚಿತ್ರಾನ್ನ ತಿಂದಳು. ಅವಳು ಉಣ್ಣುವುದನ್ನು ನೋಡಿ ಹಾಲಮ್ಮನಿಗೆ ಹೊಟ್ಟೆ ತುಂಬಿತು. ತೊಂಬತ್ನಾಲ್ಕು ಎಂದು ಯಂತ್ರವೇ ಹೇಳಿದೆಯಲ್ಲ, ಇದೇ ಅರಿವೇನೋ, ನನಗೇ ಮರೆತುಹೋಗಿದೆಯೇನೋ ಎಂದೂ ಒಂದು ಕ್ಷಣ ಅನಿಸಿತು.

*

"ಹಾಲಕ್ಕ ಬಂದ್ಲು, ದಾರಿ ಬಿಡ್ರೋ," ಎಂದ ದಾದಾಪೀರ.

ಅವಳು ಬರುವ ದಿನಕ್ಕೆಂದೇ ಅವನು ಹನ್ನೆರಡು ಮೂಟೆ ಅಕ್ಕಿಗೆ ಉಪ್ಪುನೀರು ಕುಡಿಸಿ ಒಣಗಿಸಿ ಕಾಯ್ದಿಟ್ಟಿದ್ದ. ಜರಡಿಯವರು, ಒಲೆಯವರು, ಚೀಲ ಹೊಲಿಯುವವರು ಎಲ್ಲ ಬಂದು ಸುತ್ತ ನಿಂತರು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟಿದ್ದರು. ಅದೊಂದು ಮರ್ಯಾದೆ.

ಹಾಲಮ್ಮ ಒಂದು ಕಾಳು ಮುಂದಿನ ಹಲ್ಲಿಗಿಟ್ಟಳು. ಒತ್ತಿದಳು. ಗಟ್ಟಿ ಅನಿಸಿತು. ಇನ್ನೊಂದು ಕಾಳು. ಅದೂ ಗಟ್ಟಿ. ಎಲ್ಲ ಗಟ್ಟಿ ಎಂದರೆ ಎಲ್ಲ ಒಣಗಿದೆ ಎಂದಾಯಿತಲ್ಲ. ಹದಿನೈದು ಮುಖಗಳು ಅವಳನ್ನೇ ನೋಡುತ್ತಿದ್ದವು, ಆ ಮುಖಗಳಲ್ಲಿ ಓದಲು ಏನೂ ಇರಲಿಲ್ಲ. ಅವಳು ಏನೆಂದರೆ ಅದು ಎಂದು ಅವು ಕಾದಿದ್ದವು.

"ಹಾಕ್ರಿ," ಅಂದಳು.

ಅಕ್ಕಿ ಮರಳಿಗೆ ಬಿತ್ತು. ಚಟಪಟ ಸದ್ದು ಎದ್ದದ್ದು ಅರೆಬರೆಯಾಗಿ ನಿಂತಿತು. ಜರಡಿ ಎತ್ತಿದಾಗ ಮೇಲೆ ನಾಲ್ಕು ಬಿಳಿ ಹೂ, ಕೆಳಗೆಲ್ಲ ಹಳದಿಗಟ್ಟಿದ ಕಲ್ಲು. ಎರಡನೆಯ ಸಲವೂ ಹಾಗೇ. ಮೂರನೆಯ ಸಲಕ್ಕೆ ಜರಡಿಯವರು ಜರಡಿ ಕೆಳಗಿಟ್ಟರು.

ದಾದಾಪೀರ ಮರಳಿನ ಮೇಲೆ ಕೈ ಚಾಚಿ ನೋಡಿದ. "ಲೇ, ಮರಳೇ ಕಾದಿಲ್ಲ. ಈ ಕರೆಂಟಿನ ಒಲೆ ಬಂದಾಗಿಂದ ಇದೇ ಗೋಳು. ಹಾಲಕ್ಕಂದು ಏನೂ ಇಲ್ಲ, ಒಲೆ ಆರಿಸ್ರಿ. ರಿಪೇರಿಯವ್ನಿಗೆ ಫೋನ್ ಮಾಡ್ತೀನಿ."

ಒಲೆಯ ಮುಂದೆ ನಿಂತಿದ್ದ ಹಾಲಮ್ಮನ ಮುಖ ಸುಡುತ್ತಿತ್ತು. ಮರಳು ಕೆಂಪಗೆ ಕಾದಿತ್ತು. ಮರಳು ಕಾದಿದೆಯೋ ಇಲ್ಲವೋ ಎಂದು ಹತ್ತು ಅಡಿ ದೂರದಿಂದ ಹೇಳುವ ದಾದಾಪೀರನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಹದಿನೈದು ಜನರ ಎದುರಿಗೆ ಅವಳ ಮಾನ ಉಳಿಸಲು ಅವನು ಒಳ್ಳೆಯ ಒಲೆಯ ಮೇಲೆ ತಪ್ಪು ಹೊರಿಸುತ್ತಿದ್ದ. ನಾಳೆ ರಿಪೇರಿಯವನು ಬಂದು ಕೆಡದ ಒಲೆಯನ್ನು ಬಿಚ್ಚುತ್ತಾನೆ. ಸರಿಯಿದ್ದದ್ದನ್ನು ಬಿಚ್ಚಿ ಸರಿ ಮಾಡುತ್ತಾನೆ, ಕೆಟ್ಟದ್ದು ಹಾಗೇ ಉಳಿಯುತ್ತದೆ.

ಅವಳಿಗೆ ಆ ಹೊತ್ತಿನಲ್ಲಿ ಹಸಿರು ಪರದೆಯ ಕೋಣೆ ಕಣ್ಣಿಗೆ ಕಟ್ಟಿತು. ತಾನು ಆ ಹುಡುಗಿಗೆ ಆರು ವಾರ ಮಾಡಿದ್ದೂ ಇದೇ ತಾನೇ.

"ಪೀರಣ್ಣ, ರಿಪೇರಿಯವ್ನಿಗೆ ಫೋನ್ ಮಾಡಬ್ಯಾಡ," ಅಂದಳು. "ಮರಳು ಸರಿಯಾಗೇ ಕಾದೈತಿ. ಅಕ್ಕಿ ಒಳಗೆ ಹಸಿ ಐತಿ. ನಂಗೆ ಗೊತ್ತಾಗ್ಲಿಲ್ಲ."

"ಏ, ಬಿಡು ಹಾಲಕ್ಕ."

"ಬಿಡಾಕಾಗಲ್ಲ. ಉಳಿದ ಅಕ್ಕಿ ಇನ್ನೊಂದಿನ ಹರವು. ಆ ಯಂತ್ರ ಹೊರಗೆ ತೆಗಿ."

ಸಂಜೆ ಮನೆಯಲ್ಲಿ ಚೌಡಮ್ಮ ಎಲ್ಲ ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದಳು.

"ನೀನು ಮೊದಲಿಂದ ಹಂಗೇ ಅತ್ತಿಗೆ. ನೀನು ಮದುವೆಯಾಗಿ ಬಂದ ವರ್ಷ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಎಲ್ಲರೂ ಉಗುಳಿದ್ರು, ನೀನೊಬ್ಬಳು ಚೆನ್ನಾಗೈತಿ ಅಂತ ಎರಡು ಸಲ ಹಾಕ್ಕೊಂಡು ಉಂಡಿ. ನಾನು ಮಾರನೇ ದಿನಾನೂ ಅಷ್ಟೇ ಉಪ್ಪು ಹಾಕ್ದೆ. ಯಾರ ತಪ್ಪು ಹೇಳು."

"ಸತ್ಯ ಹೇಳಿದ್ರೆ ಆ ಹುಡುಗಿ ಪರೀಕ್ಷೆ ಮುಗಿದೇ ಹೋಗ್ತತಿ ಕಣೆ. ನನ್ನ ಹಲ್ಲಿನ ಚಿಪ್ಪು ಆರಿಸಿಬಿಡ್ತಾರೋ ಏನೋ. ಹಂಗಾದ್ರೆ ನಾನು ಜರಡಿ ಬಿಟ್ಟು ಏಳಂಗಿಲ್ಲ."

"ಹೇಳದಿದ್ರೆ ಏಳ್ತೀಯೇನು?"

ಚೌಡಮ್ಮ ಎದ್ದು ಹೋಗಿ ಹಾಲಮ್ಮನಿಗೊಂದು ಲೋಟ ಚಹಾ ಮಾಡಿ ತಂದುಕೊಟ್ಟಳು. ಮಾತಿನಲ್ಲಿ ಇಲ್ಲದ ಸಕ್ಕರೆಯನ್ನೆಲ್ಲ ಅವಳು ಚಹಾಕ್ಕೆ ಹಾಕಿದ್ದಳು.

"ಸಿಹಿ ಜಾಸ್ತಿ ಆಗೈತಿ ಚೌಡಿ," ಅಂದಳು ಹಾಲಮ್ಮ.

"ಹಾಂ. ಹಂಗೆ ಹೇಳೋದು ಕಲಿ."

*

ಬೆಳಿಗ್ಗೆ ಹಾಲಮ್ಮ ಆಟೋ ಹತ್ತಿದಳು. ಚಾಲಕನಿಲ್ಲದ ಆಟೋ ಎಲ್ಲಿಗೆಂದು ಕೇಳಿತು. ಅವಳು ಆಸ್ಪತ್ರೆ ಎಂದು ಹೇಳಿ, ಇಳಿಯುವಾಗ ಎಂದಿನಂತೆ ಅದಕ್ಕೂ "ಬರ್ತೀನಪ್ಪ" ಅಂದು ಮೂರು ಮಹಡಿ ಹತ್ತಿದಳು.

ಇಂಚರಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಂಪ್ಯೂಟರಿನಲ್ಲಿದ್ದ ತೊಂಬತ್ನಾಲ್ಕನ್ನು ನೋಡುತ್ತ ಕೂತಳು.

"ಹಾಗಾದರೆ ಒಂದೂ ಗೊತ್ತಾಗಿರಲಿಲ್ವಾ ಅಮ್ಮ?"

"ಒಂದೂ ಇಲ್ಲವ್ವ. ಎಲ್ಲ ಒಂದೇ ತರ."

"ಮತ್ತೆ ಹೇಗೆ ಹೇಳಿದ್ರಿ?"

"ನಿನ್ನ ಹುಬ್ಬು ನೋಡಿ."

ಇಂಚರಾ ತನ್ನ ಹುಬ್ಬನ್ನು ಮುಟ್ಟಿಕೊಂಡಳು. ಅವಳ ಮುಖ ಕೆಂಪಾಯಿತು. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಹಾಲಮ್ಮನಿಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ಅವಳು ನೋಡಲೂ ಇಲ್ಲ. ತಲೆ ತಗ್ಗಿಸಿ ಕೂತಿದ್ದಳು.

"ಪರದೆ ತೆಗೆದವಳು ನಾನು," ಎಂದಳು ಇಂಚರಾ ಕೊನೆಗೆ. "ನೀವು ಹೆದರ್ತೀರ ಅಂತ. ಅದು ಯಾಕಿರಬೇಕು ಅಂತ ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ."

"ನಾನು ಪರದೆಗೆ ಹೆದರಲಿಲ್ಲವ್ವ. ಅವತ್ತು ನಿಮ್ಮ ಏಸಿ ಬಲು ತಣ್ಣಗಿತ್ತು."

ಇಂಚರಾಳಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ. ಒರೆಸಿಕೊಂಡು ಎದ್ದು, ಮೊದಲು ಏಸಿ ಆರಿಸಿದಳು. ಆಮೇಲೆ ಒಂದು ಯೋಚನೆ ಬಂದು ಉಳಿದ ಎಂಟು ಜನಕ್ಕೂ ಒಬ್ಬೊಬ್ಬರಿಗೇ ಫೋನು ಮಾಡಿದಳು. ಪರದೆಯನ್ನು ಅವಳು ಅವರಿಗೂ ತೆಗೆದಿದ್ದಳು. ಫೋನಿನ ಧ್ವನಿ ಕೋಣೆಗೆಲ್ಲ ಕೇಳುವಂತಿತ್ತು.

"ಏನಿಲ್ಲ ಮೇಡಂ, ತುಂಬಾ ಚೆನ್ನಾಗಿದೆ," ಅಂದರು ನಿವೃತ್ತ ಮೇಷ್ಟ್ರೊಬ್ಬರು. ಇಂಚರಾ ಮತ್ತೆ ಮತ್ತೆ ಕೇಳಿದ ಮೇಲೆ ದನಿ ತಗ್ಗಿಸಿ, "ಸತ್ಯ ಹೇಳಬೇಕಾ? ಏನೂ ಗೊತ್ತಾಗಲ್ಲ. ನೀವು ಬೇಜಾರು ಮಾಡ್ಕೋತೀರ ಅಂತ ಸುಮ್ಮನಿದ್ದೆ," ಎಂದರು.

ಎಂಟು ಜನರಲ್ಲಿ ಏಳು ಜನ ಹಾಗೇ ಹೇಳಿದರು. ಉಳಿದ ಒಬ್ಬಾಕೆ ತನಗೆ ಗೊತ್ತಾಗುತ್ತಿಲ್ಲವೆಂದು ಮೊದಲಿಂದ ದಿನಾ ಜಗಳವಾಡಿದ್ದರು, ಅವರ ಅಂಕ ಎಲ್ಲರಿಗಿಂತ ಕಮ್ಮಿಯಿತ್ತು. ಆದರೆ ಈಗ ಅನ್ನದಲ್ಲಿನ ಸಣ್ಣ ಮರಳೂ ಹಲ್ಲಿಗೆ ಗೊತ್ತಾಗುತ್ತದೆ ಎಂದರು. ಒಂಬತ್ತು ಜನರಲ್ಲಿ ನಿಜವಾಗಿ ಅರಿವು ಬಂದಿದ್ದದ್ದು ಆ ಜಗಳಗಂಟಿ ಹೆಂಗಸಿಗೆ ಮಾತ್ರ. ಚಿಪ್ಪು ಅವರ ಬಾಯಲ್ಲಿ ತಪ್ಪು ತಪ್ಪೆಂದು ಬೈಸಿಕೊಂಡೂ ಬೈಸಿಕೊಂಡೂ ಪಾಠ ಕಲಿತಿತ್ತು.

"ಅಂದರೆ ಕೆಲಸ ಮಾಡುತ್ತೆ," ಅಂದಳು ಇಂಚರಾ, ತನಗೇ ಹೇಳಿಕೊಂಡಂತೆ. "ಹಲ್ಲು ಸರಿಯಾಗಿದೆ. ನಾವೇ ಅದನ್ನ ಕಲಿಯೋಕೆ ಬಿಟ್ಟಿಲ್ಲ."

ಅವಳು ಸಮಿತಿಗೆ ಪತ್ರ ಬರೆದಳು. ತಪ್ಪು ಯಾರದೆಂದು ಬರೆಯಬೇಕಾದ ಕಡೆ ತನ್ನ ಹೆಸರೊಂದನ್ನೇ ಬರೆದಳು. ಸಮಿತಿ ಮೂರು ತಿಂಗಳ ಗಡುವು ಕೊಟ್ಟಿತು. ಆಮೇಲೆ ಅರಿವು ಬರದವರ ಚಿಪ್ಪು ಆರಿಸಿಬಿಡಬೇಕು.

*

ಎರಡನೆಯ ಸಲ ಪರದೆ ಇತ್ತು. ಹಾಲಮ್ಮ ಹೆಗಲಿಗೆ ಶಾಲು ಹೊದ್ದುಕೊಂಡು ಬಂದಿದ್ದಳು.

ರಬ್ಬರ್ ತುಂಡಿನ ಬದಲು ತನಗೆ ಅಕ್ಕಿಯಲ್ಲಿ ಕಲಿಸಿರೆಂದು ಕೇಳಿದವಳು ಅವಳೇ. ಜೀವಮಾನದಲ್ಲಿ ರಬ್ಬರ್ ಕಚ್ಚದವಳಿಗೆ ರಬ್ಬರಿನ ಗಟ್ಟಿತನ ಹೇಗೆ ಗೊತ್ತಾಗಬೇಕು ಅಂದಳು. ಇಂಚರಾಳಿಗೂ ಅದು ಸರಿಯೆನಿಸಿತು. ದಾದಾಪೀರ ಬೇರೆಬೇರೆ ಹೊತ್ತು ಒಣಗಿಸಿದ ಅಕ್ಕಿಯನ್ನು ಒಂಬತ್ತು ಡಬ್ಬಿಗಳಲ್ಲಿ ತುಂಬಿ, ಮುಚ್ಚಳಕ್ಕೆ ಮೇಣ ಹಾಕಿ, ವಾರಕ್ಕೆರಡು ಸಲ ತಾನೇ ಸ್ಕೂಟರಿನಲ್ಲಿ ತಂದುಕೊಡುತ್ತಿದ್ದ. ಯಾವ ಡಬ್ಬಿ ಯಾವುದೆಂದು ಇಂಚರಾಳ ಕಿವಿಯಲ್ಲಿ ಮಾತ್ರ ಹೇಳಿ, ಹಾಲಮ್ಮನ ಕಡೆ ತಿರುಗಿಯೂ ನೋಡದೆ ಇಳಿದು ಹೋಗುತ್ತಿದ್ದ. ತನ್ನ ಮುಖದಲ್ಲಿ ಏನಾದರೂ ಕಂಡುಬಿಟ್ಟರೆ ಎಂದು ಅವನಿಗೆ ಭಯ.

"ಎಷ್ಟು ಅಮ್ಮ?" ಪರದೆಯ ಆಚೆಯಿಂದ.

ಕಾಳು ಹಲ್ಲಿನ ನಡುವೆ. ಮಂಕು ಒತ್ತಡ.

"ಗೊತ್ತಾಗ್ತಿಲ್ಲ," ಅಂದಳು ಹಾಲಮ್ಮ.

ಆಚೆಯಿಂದ ಏನೂ ಸದ್ದಿಲ್ಲ. ಬೇಜಾರಾಯಿತೇನೋ. ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಮುಂದಿನ ಕಾಳು. "ಗೊತ್ತಾಗ್ತಿಲ್ಲ." ಅದರ ಮುಂದಿನದು. "ಇಲ್ಲವ್ವ." ಒಂದು ದಿನಕ್ಕೆ ನೂರು ಸಲ ಇಲ್ಲ ಅಂದಳು. ಮೂವತ್ತೈದು ವರ್ಷದಲ್ಲಿ ಅಷ್ಟು ಸಲ ಅಂದಿರಲಿಕ್ಕಿಲ್ಲ. ಚಿಪ್ಪು ಪ್ರತಿ ಇಲ್ಲಕ್ಕೂ ತನ್ನನ್ನು ಒಂಚೂರು ತಿದ್ದಿಕೊಂಡಿತು, ಇನ್ನೊಂದು ದಾರಿ ನೋಡಿತು.

ಐದನೆಯ ವಾರದ ಗುರುವಾರ ಒಂದು ಕಾಳು ಕಚ್ಚಿದವಳು ಮಾತಾಡಲಿಲ್ಲ.

"ಅಮ್ಮ?"

"ತಡಿಯವ್ವ."

ಹಲ್ಲಿನ ತುದಿಯಿಂದ, ಮೇಲಿನ ದವಡೆಯ ಎಡಗಡೆ, ಏನೋ ಒಂದು ತೆಳ್ಳಗೆ ಬಿರಿದಂತಾಯಿತು. ಸದ್ದಲ್ಲ, ನೋವಲ್ಲ. ಬಿರಿದದ್ದರ ಹಿಂದೆ ಇನ್ನೊಂದು, ಮೊದಲನೆಯದಕ್ಕಿಂತ ಮೆತ್ತಗೆ. ಕಾಳಿಗೆ ಮೇಲೊಂದು, ಒಳಗೊಂದು ಇತ್ತು. ಕೌದಿಯ ಒಂದು ಪದರ ಯಾರೋ ಎತ್ತಿದ್ದರು.

"ಒಳಗೆ ಹಸಿ ಐತಿ," ಅಂದಳು. "ಸ್ವಲ್ಪ."

ಪರದೆಯ ಆಚೆ ಪೆನ್ನು ನೆಲಕ್ಕೆ ಬಿದ್ದ ಸದ್ದು. ಆದರೆ ಇಂಚರಾ ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ನಿಯಮದ ಪ್ರಕಾರ ಸುಮ್ಮನೆ ಮುಂದಿನ ಕಾಳು ಕೊಟ್ಟಳು. ಎರಡು ನಿಮಿಷವಾದ ಮೇಲೆ ಬಾಗಿಲ ಹತ್ತಿರ ನಿಂತಿದ್ದ ಮಂಗಳಗೌರಿ ಮೂಗು ಸೀಟಿಕೊಂಡದ್ದು ಕೇಳಿಸಿತು.

ಗಡುವು ಮುಗಿದ ದಿನ ಹಾಲಮ್ಮನ ಅಂಕ ಎಪ್ಪತ್ತೊಂದು. ಇಂಚರಾ ಅದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು, ಎರಡು ಗೆರೆ ಎಳೆದು, ಚಿಪ್ಪು ಆರಿಸುವವರ ಪಟ್ಟಿಯಿಂದ ಅವಳ ಹೆಸರು ಹೊಡೆದು ಹಾಕಿದಳು.

"ತೊಂಬತ್ನಾಲ್ಕು ಹೋಗಿ ಎಪ್ಪತ್ತೊಂದಾತಲ್ಲವ್ವ," ಅಂದಳು ಹಾಲಮ್ಮ.

"ಇದು ನಿಮ್ಮದು ಅಮ್ಮ. ಅದು ನನ್ನ ಹುಬ್ಬಿಂದು."

*

ಆ ಶನಿವಾರ ಭಟ್ಟಿಯಲ್ಲಿ ಇಪ್ಪತ್ತು ಮೂಟೆ ಅಕ್ಕಿ ಹರವಿತ್ತು. ಈ ಸಲ ಯಾರೂ ಸುತ್ತ ಬಂದು ನಿಲ್ಲಲಿಲ್ಲ, ನಿಲ್ಲಬೇಡಿ ಎಂದು ದಾದಾಪೀರ ಮೊದಲೇ ಹೇಳಿರಬೇಕು. ಎಲ್ಲರೂ ಏನೋ ಕೆಲಸವಿದ್ದಂತೆ ಓಡಾಡುತ್ತಿದ್ದರು, ಅವರ ಕಿವಿಗಳು ಮಾತ್ರ ಇತ್ತ ಇದ್ದವು. ಮರಳು ಕಾದಿತ್ತು. ಯಂತ್ರ ಮೇಜಿನ ಮೇಲಿತ್ತು, ಅದರ ಅಂಕಿ ಅಕ್ಕಿ ಹದವಾಗಿದೆ ಎನ್ನುತ್ತಿತ್ತು. ಹೊರಗೆ ಚೀಲ ತುಂಬಿಕೊಂಡು ಹೋಗಲು ಎರಡು ಗಾಡಿಗಳು ಬಂದು ನಿಂತಿದ್ದವು.

ಹಾಲಮ್ಮ ಒಂದು ಕಾಳು ಕಚ್ಚಿದಳು. ಕಣ್ಣು ಮುಚ್ಚಿದಳು. ಇನ್ನೊಂದು ಕಚ್ಚಿದಳು.

"ಗೊತ್ತಾಗ್ತಿಲ್ಲ ಪೀರಣ್ಣ. ಇನ್ನೊಂದು ಹಿಡಿ ಕೊಡು. ಆ ಮೂಲೆಯಿಂದ ತೆಗಿ."

ಅವನು ತಂದುಕೊಟ್ಟ. ಓಡಾಡುತ್ತಿದ್ದವರು ನಿಂತರು. ಗಾಡಿಯವನೊಬ್ಬ ಹೊರಗಿನಿಂದ "ಎಷ್ಟೊತ್ತು ಸಾಹೇಬ್ರೆ" ಎಂದು ಕೂಗಿದ. ದಾದಾಪೀರ ಅವನ ಕಡೆ ಕೈ ಎತ್ತಿ ಸುಮ್ಮನಿರಿಸಿದ.

ಹಾಲಮ್ಮ ಮೂಲೆಯ ಅಕ್ಕಿ ಕಚ್ಚಿದಳು. ಮೇಲಿನದು ಬಿರಿಯಿತು. ಒಳಗಿನದು ಬಿರಿಯಲಿಲ್ಲ, ಮೆತ್ತಗೆ ಜರುಗಿತು.

"ಇಲ್ಲ. ಯಂತ್ರ ಏನಾರ ಹೇಳ್ಲಿ. ಇನ್ನೂ ಒಂದೂವರೆ ಗಂಟೆ ಬೇಕು."

"ಗಾಡಿ ಕಾಯ್ತಾ ಐತಿ ಹಾಲಕ್ಕ."

"ಕಾಯ್ಲಿ."

ದಾದಾಪೀರ ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಲಿಲ್ಲ. ಅಕ್ಕಿಯ ರಾಶಿಗೆ ಕೈ ಹಾಕಿ ತಾನೇ ಅದನ್ನು ತೆಳ್ಳಗೆ ಎಳೆಯತೊಡಗಿದಳು. ಅವನೂ ಪಂಚೆ ಎತ್ತಿ ಕಟ್ಟಿಕೊಂಡು ಇನ್ನೊಂದು ಕಡೆಯಿಂದ ಎಳೆದ. ಗಾಡಿಯವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಹೋಯಿತು. ಅವರೂ ನೆರಳಿಗೆ ಹೋಗಿ ಕೂತರು.

ಒಂದೂವರೆ ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಹಾಲಮ್ಮ ಒಂದು ಕಾಳು ಬಾಯಿಗಿಟ್ಟಳು. ಹೊರಗಿನಿಂದ ಒಳಗಿನವರೆಗೆ ಒಂದೇ ಬಿರುಕು, ಒಂದೇ ಹದ.

"ಹಾಕ್ರಿ," ಅಂದಳು.

ಸದ್ದು ಒಲೆಯಿಂದ ಎದ್ದು ತಗಡಿನ ಮಾಡಿಗೆ ಬಡಿಯಿತು. ಬಿಳಿ ಮಂಡಕ್ಕಿ ಉಬ್ಬಿ ಬಾಂಡಲೆಯ ಅಂಚು ದಾಟಿ ನೆಲಕ್ಕೆ ಚೆಲ್ಲಿತು. ಜರಡಿಯವರು ಓಡಿದರು, ಚೀಲದವರು ಓಡಿದರು, ಗಾಡಿಯವರು ಲೋಟ ಕೆಳಗಿಟ್ಟು ಎದ್ದರು. ದಾದಾಪೀರ ಒಂದು ಕಣ್ಣು ಒಲೆಯ ಮೇಲಿಟ್ಟು, ಎರಡನೆಯ ರಾಶಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ಅವಳ ಕಡೆ ತಿರುಗದೆಯೇ ಕೈ ಹಿಂದಕ್ಕೆ ಚಾಚಿದ. ಹಾಲಮ್ಮ ಅದರಿಂದ ಒಂದು ಕಾಳು ಎತ್ತಿಕೊಂಡಳು.